ಉಡಿಯಲ್ಲಿ ಬಿದ್ದ ಡಬ್ಬಿ

ಉಡಿ ತುಂಬುವಾಗ ಉಡಿಯಲ್ಲಿ ಏನೇನು ಹಾಕುತ್ತಾರೆ? ಅಕ್ಕಿ. ಕೊಬ್ಬರಿ ಬಟ್ಟಲು. ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಎಲೆ, ಮೇಲೊಂದು ಖಣ. ಇಷ್ಟು ನನಗೂ ಗೊತ್ತು, ನಿಮಗೂ ಗೊತ್ತು. ವೆನಿಲ್ಲಾ ಫ್ಲೇವರಿನ ಪ್ರೋಟೀನ್ ಪುಡಿಯ ಡಬ್ಬಿ ಹಾಕುವುದನ್ನು ಎಲ್ಲಾದರೂ ನೋಡಿದ್ದೀರಾ?

ನಾನು ನೋಡಿದೆ. ಈ ಸಲದ ಶ್ರಾವಣದಲ್ಲಿ, ಲಂಡನ್ನಿನ ಕಿಂಗ್ಸ್‌ಬರಿಯ ಒಂದು ಫ್ಲ್ಯಾಟಿನಲ್ಲಿ, ಏಳು ತಿಂಗಳ ಬಸುರಿಯೊಬ್ಬಳ ಕುಬಸದ ದಿನ. (ಮೈಸೂರು ಕಡೆಯ ಓದುಗರು ಸೀಮಂತ ಅಂತ ಓದಿಕೊಳ್ಳಿ. ಉಡಿ ಅಂದರೆ ನಿಮ್ಮ ಮಡಿಲು, ಖಣ ಅಂದರೆ ರವಿಕೆ ಬಟ್ಟೆ.) ಹುಡುಗಿ ಹಸಿರು ಇಳಕಲ್ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಹಾಕಿಕೊಂಡು, ಸೆರಗನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು ಕೂತಿದ್ದಳು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಖಣ ಬಿತ್ತು. ಆಮೇಲೆ ದೊಪ್ಪನೆ ಒಂದು ಡಬ್ಬಿ ಬಿತ್ತು. ಡಬ್ಬಿಗೆ ಅರಿಷಿಣ ಕುಂಕುಮ ಬೇರೆ ಹಚ್ಚಿದ್ದರು.

ಹಾಡು ಹೇಳುತ್ತಿದ್ದ ನಮ್ಮ ಬಾಯಿ ಅರ್ಧಕ್ಕೇ ನಿಂತಿತು. ಇದೇನೋ ಲಂಡನ್ನಿನ ಹೊಸ ಶಾಸ್ತ್ರ ಇರಬೇಕು ಅಂದುಕೊಂಡವರು ಮತ್ತೆ ಹಾಡು ಎತ್ತಿಕೊಂಡರು. ಇಬ್ಬರು ಮಾತ್ರ ಎತ್ತಲಿಲ್ಲ. ಅವರ ಮನೆಯ ಕಪಾಟಿನಲ್ಲಿ ಅಂಥದ್ದೇ ಡಬ್ಬಿ ಕೂತಿದೆ ಅನ್ನುವುದು ನನಗೆ ಆಮೇಲೆ ತಿಳಿಯಿತು.

ಹುಡುಗಿಯ ಹೆಸರು ರೂಪಾ. ಬಿಜಾಪುರದವಳು. ಗಂಡನಿಗೆ ಅಕ್ಸ್‌ಬ್ರಿಡ್ಜ್‌ನ ಒಂದು ಆಫೀಸಿನಲ್ಲಿ ಕೆಲಸ, ವರ್ಕ್ ಪರ್ಮಿಟ್ ಮೇಲೆ ಬಂದವನು. ಮದುವೆಯಾಗಿ ಇಲ್ಲಿಗೆ ಬಂದು ವರ್ಷ ತುಂಬುವ ಮೊದಲೇ ರೂಪಾ ಬಸುರಿ. ಅತ್ತೆ ಇಲ್ಲ. ತಾಯಿ ಇದ್ದಾರೆ, ಆದರೆ ಊರಿನಲ್ಲಿರುವ ಹಿರಿಯ ಮಗಳಿಗೂ ಅದೇ ತಿಂಗಳು ದಿನ ತುಂಬುತ್ತದೆ. ಇಬ್ಬರು ಹೆಣ್ಣುಮಕ್ಕಳೂ ಒಟ್ಟಿಗೇ ಹಡೆಯಲು ಹೊರಟರೆ ಒಬ್ಬ ತಾಯಿ ಏನು ಮಾಡಿಯಾಳು? ಮೊದಲೇ ಒಪ್ಪಿಕೊಂಡದ್ದು ದೊಡ್ಡ ಮಗಳಿಗೆ. ಹೀಗಾಗಿ ರೂಪಾಳ ಬಾಣಂತನ ಮಾಡುವವರು ಯಾರು ಅನ್ನುವುದು ಅವಳನ್ನು ಹಗಲಿರುಳು ಕೊರೆಯುವ ಪ್ರಶ್ನೆಯಾಗಿತ್ತು. ಅವಳಿಗೆ ಎಳೆಗೂಸನ್ನು ಎತ್ತಿಕೊಳ್ಳಲೂ ಬರುತ್ತಿರಲಿಲ್ಲ.

ಆ ಪ್ರಶ್ನೆಗೆ ಕಿಂಗ್ಸ್‌ಬರಿಯ ಸುತ್ತಮುತ್ತ ಒಂದೇ ಉತ್ತರ. ಸುಶೀಲಕ್ಕ.

ಬಾಣಂತನಕ್ಕೆ ಬರುತ್ತೇನೆ ಅಂತ ಅವರು ರೂಪಾಳಿಗೆ ಮಾತೂ ಕೊಟ್ಟಿದ್ದರು. ಸುಶೀಲಕ್ಕನ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಈ ಊರಿಗೆ ಹೊಸಬಳು. ಸ್ಟ್ರಾಟ್‌ಫರ್ಡ್ ಸ್ಟೇಷನ್ನಿನ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಆಗ ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಬರೀ ಗಾಳಿ. ಹಿಂದಿನಿಂದ ಯಾರೋ ಮಗನಿಗೆ, ‘ಮೂಗ ಒರಸ್ಕೊ, ಕಪಿ’ ಅಂದರು. ಅಪ್ಪಟ ಬೆಳಗಾವಿ ಕನ್ನಡ. ನಾನು ಬಿಟ್ಟ ಬಾಣದಂತೆ ಹೋಗಿ ಅವರ ಮುಂದೆ ನಿಂತೆ. ಅವರು ನನ್ನ ಹೆಸರು ಕೇಳುವ ಮೊದಲು ಊಟ ಆಯಿತಾ ಅಂತ ಕೇಳಿದರು. ಅವತ್ತು ಸಂಜೆ ಅವರ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಊರು ಬಿಟ್ಟ ಮೇಲೆ ನಾನು ಹೊಟ್ಟೆತುಂಬ ಉಂಡದ್ದು ಅವತ್ತೇ.

ನನ್ನ ಎರಡೂ ಬಾಣಂತನ ಮಾಡಿದವರು ಅವರೇ. ಶಾಲೆಯೊಂದರ ಅಡುಗೆಮನೆಯಲ್ಲಿ ದಿನವಿಡೀ ನಿಂತು ದುಡಿದು, ಸಂಜೆ ಬಸ್ಸು ಹಿಡಿದು ಬಂದು ನನ್ನ ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು. ಬಾತ್‌ಟಬ್ಬಿನ ಅಂಚಿನಲ್ಲಿ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವ ಅವರ ಭಂಗಿ ನೋಡಿ, ನಮ್ಮನ್ನು ನೋಡಲು ಬಂದ ಇಲ್ಲಿಯ ನರ್ಸಮ್ಮ ಬೆಚ್ಚಿಬಿದ್ದಿದ್ದಳು. ಎರಡನೇ ಸಲ ಬಂದಾಗ ಅವಳೇ ಪಕ್ಕದಲ್ಲಿ ಕೂತು ಕಲಿತುಕೊಂಡಳು. ಹೀಗೆ ಈ ಭಾಗದಲ್ಲಿ ಎಷ್ಟು ಮನೆಗಳಲ್ಲಿ ಅವರು ಎಣ್ಣೆ ಹಚ್ಚಿದ್ದಾರೋ ಲೆಕ್ಕವಿಲ್ಲ. ಪ್ರತಿಯಾಗಿ ಏನೂ ಮುಟ್ಟಿದವರಲ್ಲ. ಒತ್ತಾಯ ಮಾಡಿದರೆ ಒಂದು ಖಣ.

ಇಂಥ ಸುಶೀಲಕ್ಕ ಎರಡು ವರ್ಷದ ಹಿಂದೆ ಕಂಪನಿ ಸೇರಿದರು.

(ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಸಂಪಾದಕರಿಗೆ ವಕೀಲರ ನೋಟೀಸು ಬರುತ್ತದೆ. ಅಲ್ಲದೆ, ಪುಕ್ಕಟೆ ಜಾಹೀರಾತು ಯಾಕೆ? ನಿಮ್ಮ ಊರಿನಲ್ಲೂ ಅಂಥ ಕಂಪನಿ ಒಂದಿದೆ. ನಿಮ್ಮ ಷಡ್ಡಕ ಅದರಲ್ಲಿ ಇದ್ದಾನೆ.)

ಅವರನ್ನು ಸೇರಿಸಿದ್ದು ಒಬ್ಬ ಸೂಟಿನ ಮಹಾಶಯ. ಬೆಂಗಳೂರಿನವರು, ಬಾಯಿ ತೆರೆದರೆ ‘ವಿಷನ್’ ಅನ್ನುವವರು. ಒಂದು ಭಾನುವಾರ ಬೆಳಿಗ್ಗೆ ಸುಶೀಲಕ್ಕನ ಒತ್ತಾಯಕ್ಕೆ ನಾನೂ ನಮ್ಮ ಮನೆಯವರೂ ಅಕ್ಸ್‌ಬ್ರಿಡ್ಜ್ ಹತ್ತಿರದ ಹೋಟೆಲೊಂದರ ಹಾಲಿಗೆ ಹೋಗಿದ್ದೆವು. ಭಾನುವಾರ ಬೆಳಿಗ್ಗೆ ಟೈ ಕಟ್ಟಿದ ಭಾರತೀಯರನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ನಾನು ಅದೇ ಮೊದಲು. ಮಹಾಶಯರು ಬೋರ್ಡಿನ ಮೇಲೆ ಒಂದು ಸುತ್ತು ಬರೆದರು, ಅದು ನಾವು. ಕೆಳಗೆ ಎರಡು ಸುತ್ತು, ಅವು ನಮ್ಮ ಗೆಳೆಯರು. ಅವುಗಳ ಕೆಳಗೆ ಇನ್ನಷ್ಟು. ಬೋರ್ಡು ತುಂಬಿತು. ಕೊನೆಯ ಸಾಲಿನ ಸುತ್ತುಗಳ ಕೆಳಗೆ ಯಾರಿರುತ್ತಾರೆ ಅಂತ ನಮ್ಮ ಮನೆಯವರು ಕೇಳಿದರು. ಅದು ನೆಗೆಟಿವ್ ಥಿಂಕಿಂಗ್ ಅಂತ ಉತ್ತರ ಬಂತು. ಸಭೆ ಚಪ್ಪಾಳೆ ತಟ್ಟಿತು. ನಾವು ಎದ್ದು ಬಂದು ಹೊರಗೆ ಚಿಪ್ಸ್ ತಿಂದೆವು.

ಆದರೆ ಸುಶೀಲಕ್ಕನಿಗೆ ಆ ಸುತ್ತುಗಳಲ್ಲಿ ಬೇರೆ ಏನೋ ಕಂಡಿತ್ತು. ಅವರ ಮೊಣಕಾಲು ಸವೆದಿತ್ತು. ಶಾಲೆಯ ಅಡುಗೆಮನೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಇನ್ನು ಸ್ವಲ್ಪ ವರ್ಷದಲ್ಲಿ ನೀವು ಕೂತು ಉಣ್ಣಬಹುದು ಅಂತ ಮಹಾಶಯರು ಹೇಳಿದ್ದರು. ಬೇರೆ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ, ನಾವು ಕೂಡ. ಇದನ್ನು ನಾನು ಅವರ ಪರವಾಗಿಯೇ ಬರೆಯುತ್ತಿದ್ದೇನೆ.

ಆದರೆ ಒಂದು ಮಾತು ಕೇಳುತ್ತೇನೆ. ಮೊಣಕಾಲು ನೋವಿರುವ, ಇಂಗ್ಲಿಷು ತಡವರಿಸುವ, ಜೀವಮಾನದಲ್ಲಿ ಒಂದು ಬೆಂಕಿಪೊಟ್ಟಣ ಮಾರಿರದ ಹೆಂಗಸಿನಲ್ಲಿ ಆ ಕಂಪನಿಗೆ ಯಾವ ವ್ಯಾಪಾರದ ಪ್ರತಿಭೆ ಕಂಡಿತು? ಅವರಿಗೆ ಬೇಕಾದದ್ದು ಸುಶೀಲಕ್ಕನ ಬಾಯಲ್ಲ. ಸುಶೀಲಕ್ಕ ಬಂದರು ಅಂದರೆ ಬಾಗಿಲು ತೆರೆಯುತ್ತದಲ್ಲ, ಆ ಬಾಗಿಲು. ಅವರ ಭಾಷೆಯಲ್ಲಿ ಇದಕ್ಕೆ ‘ವಾರ್ಮ್ ಮಾರ್ಕೆಟ್’ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅಕ್ಕ, ತಂಗಿ, ನೆರೆಮನೆಯವರು ಅನ್ನುತ್ತೇವೆ. ಹೊಸಬರಿಗೆ ರೊಟ್ಟಿ ಬಡಿದು ಹಾಕಿ, ಕೂಸುಗಳಿಗೆ ನೀರು ಹಾಕಿ ಅವರು ಕೂಡಿಸಿಟ್ಟ ಪುಣ್ಯವನ್ನೆಲ್ಲ ಕಂಪನಿ ಒಂದೇ ಮೀಟಿಂಗಿನಲ್ಲಿ ತನ್ನ ಹೆಸರಿಗೆ ಬರೆಸಿಕೊಂಡಿತು. ನಾಚಿಕೆ ಅನ್ನುವುದು ಯಾವ ಅಂಗಡಿಯಲ್ಲಿ ಸಿಗುತ್ತದೋ ಆ ಜನಕ್ಕೆ ಯಾರಾದರೂ ವಿಳಾಸ ಕೊಡಿ.

ನೋಡನೋಡುತ್ತ ಸುಶೀಲಕ್ಕನ ಮಾತೇ ಬದಲಾಯಿತು. ಬಾಣಂತಿಗೆ ಸಬ್ಬಸಗಿ ಪಲ್ಯ ತಿನ್ನು, ಮೆಂತ್ಯದ ಹಿಟ್ಟು ತಿನ್ನು ಅನ್ನುತ್ತಿದ್ದವರು ಈಗ ವೆನಿಲ್ಲಾ ಶೇಕ್ ಕುಡಿ ಅನ್ನತೊಡಗಿದರು. ಅವರ ಮನೆಯಲ್ಲಿ ಊಟಕ್ಕೆ ಕರೆದರೆ ಪಾಯಸ ಆದಮೇಲೆ ಒಂದು ಸಿ.ಡಿ. ಹಾಕುತ್ತಿದ್ದರು. ಪಾಯಸ ಉಂಡ ತಪ್ಪಿಗೆ ಕೂತು ನೋಡಬೇಕು. ಏನಾದರೂ ಪ್ರಶ್ನೆ ಕೇಳಿದರೆ ಅವರದು ಒಂದೇ ಉತ್ತರ, ‘ಎಲ್ಲಾ ಲೀಗಲ್ ಐತಿ.’

ಎಲ್ಲಾ ಲೀಗಲ್ ಇದ್ದರೆ ಡಬ್ಬಿ ಉಡಿಗೆ ಯಾಕೆ ಬಂತು? ಅದಕ್ಕೂ ಒಂದು ಕಾರಣವಿದೆ, ಕೇಳಿ.

ವರ್ಕ್ ಪರ್ಮಿಟ್ ಮೇಲೆ ಬಂದವರು ತಮ್ಮ ಕೆಲಸ ಬಿಟ್ಟು ಬೇರೆ ಬಿಸಿನೆಸ್ ಮಾಡುವಂತಿಲ್ಲ. ಪಾಸ್‌ಪೋರ್ಟಿನ ಮುದ್ರೆಯಲ್ಲೇ ಆ ಮಾತಿರುತ್ತದೆ. ಮಹಾಶಯರ ಹೋಟೆಲ್ ಹಾಲಿಗೆ ಬಂದ ಬೆಂಗಳೂರಿನ ಹುಡುಗರು ಇದನ್ನು ಓದಿ ಹಿಂದೆ ಸರಿಯತೊಡಗಿದರು. ಹೆಂಡತಿಯರ ವೀಸಾದಲ್ಲಿ ಆ ಅಡ್ಡಿ ಇಲ್ಲ. ಹಾಗಾದರೆ ಹೆಂಡತಿಯರ ಹೆಸರಿನಲ್ಲಿ ಸಹಿ ಹಾಕಿಸಿ ಅಂತ ಮೇಲಿನಿಂದ ಸಲಹೆ ಬಂತು. ಹೆಂಡತಿಯರನ್ನು ಹಿಡಿಯುವುದು ಹೇಗೆ? ಅವರು ಹೋಟೆಲ್ ಹಾಲಿಗೆ ಬರುವುದಿಲ್ಲ. ಕುಬಸಕ್ಕೆ ಬರುತ್ತಾರೆ, ಶುಕ್ರವಾರದ ಕುಂಕುಮಕ್ಕೆ ಬರುತ್ತಾರೆ.

ಅಲ್ಲಿಗೆ ಹೋಗಿ ಡಬ್ಬಿ ಹಂಚಬಲ್ಲ ಒಬ್ಬರೇ ಒಬ್ಬರು ಅವರ ಕೈಯಲ್ಲಿದ್ದರು.

ರೂಪಾಳ ಕುಬಸ ಆದದ್ದು ಭಾನುವಾರ. (ಪಂಚಾಂಗ ಏನೇ ಹೇಳಲಿ, ಲಂಡನ್ನಿನಲ್ಲಿ ಶುಭಮುಹೂರ್ತಗಳು ಬರುವುದು ಶನಿವಾರ, ಭಾನುವಾರ ಮಾತ್ರ.) ಮರುದಿನ ಸಂಜೆ ಸುಶೀಲಕ್ಕ ಅವಳ ಮನೆಗೆ ಹೋದರು. ಕೈಯಲ್ಲಿ ಕರಾರಿನ ಕಾಗದ. ಡಬ್ಬಿ ಹೇಗೂ ಉಡಿಯಲ್ಲಿ ಬಿದ್ದಾಗಿದೆ, ಇನ್ನು ಸಹಿ ಒಂದು ಬಾಕಿ ಅಂದರು. ನೀನು ಬರೀ ಇಬ್ಬರನ್ನು ತಾ, ಅವರು ಸೇರಿದರೆ ಸಾಕು, ಕೂಸಿನ ಖರ್ಚು ತಾನೇ ಹೊರಡುತ್ತದೆ ಅಂದರು. ರೂಪಾ ಗಂಡನನ್ನು ಕೇಳುತ್ತೇನೆ ಅಂದಳಂತೆ. ಅದಕ್ಕೆ ಸುಶೀಲಕ್ಕ, ‘ಉಡ್ಯಾಗ ಬಿದ್ದಿದ್ದು ಒಲ್ಲೆ ಅನಬಾರ್ದು ಯವ್ವಾ, ಕೂಸಿಗೆ ಒಳ್ಳೇದಲ್ಲ’ ಅಂದರು.

ಇದನ್ನು ಓದಿ ನಿಮಗೆ ನಗು ಬಂದಿದ್ದರೆ ನೀವು ಬಸುರಿಯಾಗಿ, ಒಬ್ಬಳೇ, ಪರದೇಶದ ಎರಡನೇ ಮಹಡಿಯಲ್ಲಿ ಕೂತಿಲ್ಲ ಅಂತ ಅರ್ಥ. ರೂಪಾ ಸಹಿ ಹಾಕಿದಳು. ಗಂಡನ ಕಾರ್ಡಿನ ನಂಬರನ್ನೂ ಕೊಟ್ಟಳು. ಇನ್ನು ತಿಂಗಳು ತಿಂಗಳೂ ಒಂದೊಂದು ಡಬ್ಬಿ ಮನೆಗೆ ಬರುತ್ತದೆ, ಬೇಕೋ ಬೇಡವೋ.

ಬುಧವಾರ ಅವಳು ನನಗೆ ಫೋನ್ ಮಾಡಿದಳು. ಗಂಡ ಸಿಟ್ಟಾಗಿ ಎರಡು ದಿನದಿಂದ ಮಾತು ಬಿಟ್ಟಿದ್ದನಂತೆ. ಇಬ್ಬರನ್ನು ತರುವುದೆಂದರೆ ಯಾರನ್ನು ತರಲಿ, ನನಗೆ ಇಲ್ಲಿ ಹತ್ತಿರದವರು ಅಂತ ಇರುವುದೇ ನೀವೂ ಸುಶೀಲಕ್ಕನೂ ಅಂದಳು. ಕಂಪನಿಯ ಗಣಿತ ಅಷ್ಟಕ್ಕೇ ಮುಗಿದುಹೋಗಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಅವತ್ತೇ ಕೌನ್ಸಿಲ್ಲಿಗೆ, ಅಂದರೆ ಇಲ್ಲಿಯ ನಗರಸಭೆಗೆ, ಫೋನ್ ಹಚ್ಚಿದೆ. ಇಂಥ ವ್ಯವಹಾರಗಳನ್ನು ನೋಡಿಕೊಳ್ಳುವ ಒಬ್ಬ ಅಧಿಕಾರಿಗೆ ಕೊಟ್ಟರು. ತುಂಬ ಸಮಾಧಾನದ ಮನುಷ್ಯ. ಅವರು ತಿಳಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಪುಡಿ ಮಾರುವುದು, ಸೋಪು ಮಾರುವುದು ಇಲ್ಲಿ ಅಪರಾಧವಲ್ಲ. ಆದರೆ ಜನರನ್ನು ತಂದು ಸೇರಿಸು, ಸೇರಿಸಿದ್ದಕ್ಕೇ ನಿನಗೆ ಲಾಭ ಅಂತ ಆಸೆ ಹಚ್ಚಿ ದುಡ್ಡು ಕಟ್ಟಿಸುವುದು ಅಪರಾಧ. ಸುಲಭದ ಗಳಿಕೆಯ ಮಾತಿಗೆ ಮರುಳಾಗಬೇಡಿ ಅಂತ ಕರಾರಿನಲ್ಲೇ ಎಚ್ಚರಿಕೆ ಅಚ್ಚು ಹಾಕಬೇಕು ಅಂತಲೂ ಕಾನೂನಿದೆ. ರೂಪಾಳ ಕರಾರಿನಲ್ಲೂ ಅದು ಅಚ್ಚಾಗಿತ್ತು, ಸುಶೀಲಕ್ಕನ ಕರಾರಿನಲ್ಲೂ ಇದ್ದಿರಬೇಕು. ಸಹಿ ಮಾಡುವ ಜಾಗವನ್ನು ಬೆರಳಿಟ್ಟು ತೋರಿಸಿದರೆ ಉಳಿದದ್ದನ್ನು ಓದುವವರು ಯಾರು?

ಇನ್ನೊಂದು ಒಳ್ಳೆಯ ಸುದ್ದಿಯನ್ನೂ ಆ ಮನುಷ್ಯ ಕೊಟ್ಟರು. ಸಹಿ ಹಾಕಿದ ಎರಡು ವಾರದೊಳಗೆ ಬೇಡ ಅಂತ ಬರೆದುಕೊಟ್ಟು, ಡಬ್ಬಿಯನ್ನು ಕಂಪನಿಗೋ ಕೊಟ್ಟವರಿಗೋ ವಾಪಸ್ ಮಾಡಿದರೆ ಕಟ್ಟಿದ್ದೆಲ್ಲ ತಿರುಗಿ ಬರುತ್ತದೆ. ಕಾರಣ ಕೂಡ ಹೇಳಬೇಕಿಲ್ಲ.

ಆಮೇಲೆ ಅವರು ಡಬ್ಬಿ ಅವಳ ಕೈಗೆ ಹೇಗೆ ಬಂತು ಅಂತ ಕೇಳಿದರು. ಉಡಿ ತುಂಬುವುದನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುತ್ತೀರಿ? ತೊಡೆಯ ಮೇಲೆ ಇಟ್ಟರು ಅಂದೆ. ಹಾಗಾದರೆ ಅವಳು ಕೇಳದೆಯೇ ಇಟ್ಟದ್ದೇ ಅಂದರು. ಕೇಳಿಲ್ಲ, ಆದರೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು ಅಂದೆ. ಅಷ್ಟು ವಿವರ ಬೇಕಾಗಲಿಕ್ಕಿಲ್ಲ ಅಂತ ಪಾಪ ಆ ಮನುಷ್ಯ ತಾನೇ ವಿಷಯ ಬದಲಿಸಿದರು.

ನಾನು ಗೆದ್ದ ಉತ್ಸಾಹದಲ್ಲಿ ರೂಪಾಳ ಮನೆಗೆ ಓಡಿದೆ. ಕಾನೂನು, ಎರಡು ವಾರ, ವಾಪಸ್ಸು ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಪತ್ರ ನಾನೇ ಬರೆದುಕೊಡುತ್ತೇನೆ, ಡಬ್ಬಿ ಪೋಸ್ಟಿಗೆ ಹಾಕೋಣ ಅಂದೆ. ಅವಳು ಕೇಳಿದಳು, ತಲೆ ಆಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು.

‘ಉಡ್ಯಾಗ ಹಾಕಿದ್ದನ್ನ ಪೋಸ್ಟಿಗೆ ಹೆಂಗ ಹಾಕ್ಲಿರೀ ಅಕ್ಕಾರ?’

ಇದು ಮೂಢನಂಬಿಕೆ ಅಂತ ನಾನು ಶುರು ಮಾಡುವವಳಿದ್ದೆ. ಆದರೆ ನನ್ನ ಕಪಾಟಿನಲ್ಲಿ ಹದಿನೈದು ವರ್ಷದ ಉಡಿಯ ಖಣಗಳು ಮಡಿಕೆ ಬಿಚ್ಚದೆ ಕೂತಿವೆ. ಒಂದನ್ನೂ ಚಾರಿಟಿ ಅಂಗಡಿಗೆ ಕೊಡಲು ಕೈ ಬಂದಿಲ್ಲ. ಲಂಡನ್ನಿಗೆ ಬಂದು ನಾವು ಏನೇನೋ ಬಿಟ್ಟಿದ್ದೇವೆ, ಉಡಿಯನ್ನು ಮಾತ್ರ ಬಿಟ್ಟಿಲ್ಲ. ಕಾನೂನು ಮಾಡಿದವರಿಗೆ ಇದು ಗೊತ್ತಿಲ್ಲ. ಕಂಪನಿಗೆ ಗೊತ್ತಾಗಿತ್ತು.

ಆಮೇಲೆ ರೂಪಾ ನಿಜವಾದ ಭಯ ಹೇಳಿದಳು. ಡಬ್ಬಿ ವಾಪಸ್ ಹೋದರೆ ಸುಶೀಲಕ್ಕ ಮುನಿಸಿಕೊಳ್ಳುತ್ತಾರೆ. ಮುನಿಸಿಕೊಂಡರೆ ಬಾಣಂತನಕ್ಕೆ ಬರುವುದಿಲ್ಲ. ಬರದಿದ್ದರೆ ಕೂಸಿಗೆ ಎರೆಯುವವರು ಯಾರು? ನಾನು ಬರುತ್ತೇನೆ ಅಂದೆ. ಅವಳು ನನ್ನ ಕೈಗಳನ್ನು ನೋಡಿದಳು. ಕಂಪ್ಯೂಟರ್ ಕುಟ್ಟುವ ಕೈ, ಅವಳಿಗೆ ಅಷ್ಟು ಧೈರ್ಯ ಬರಲಿಲ್ಲ. ನಾನೂ ಅವಳನ್ನು ತಪ್ಪು ಅನ್ನಲಾರೆ.

ಅವತ್ತು ನಾನು ಪತ್ರ ಬರೆದು ಮೇಜಿನ ಮೇಲೆ ಇಟ್ಟು ಬಂದೆ. ಕಳಿಸುವುದು ಬಿಡುವುದು ನಿನಗೆ ಬಿಟ್ಟದ್ದು ಅಂದೆ. ಎರಡನೇ ವಾರ ಅರ್ಧ ಕಳೆಯಿತು. ಅವಳಿಂದ ಫೋನಿಲ್ಲ. ನನಗೋ ತಳಮಳ. ಈ ಹುಡುಗಿ ಡಬ್ಬಿಗಳ ನಡುವೆ ಹಡೆಯುತ್ತಾಳೆ ಅಂತಲೇ ಅಂದುಕೊಂಡೆ.

ಗುರುವಾರ ಫೋನ್ ಬಂತು. ಶ್ರಾವಣ ಶುಕ್ರವಾರ, ಮನೆಯಲ್ಲಿ ಐದು ಜನ ಮುತ್ತೈದೆಯರಿಗೆ ಉಡಿ ತುಂಬುತ್ತೇನೆ, ಸಂಜೆ ಬನ್ನಿ ಅಂದಳು. ಸುಶೀಲಕ್ಕನೂ ಬರುತ್ತಾರೆ ಅಂದಳು. ಪತ್ರದ ಕತೆ ಏನಾಯಿತು ಅಂತ ಕೇಳಿದೆ. ನೀವು ಸುಮ್ಮನೆ ಬನ್ನಿ ಅಂತ ಫೋನ್ ಇಟ್ಟಳು.

ಹೋದೆ. ಕುಬಸದ ದಿನ ಹಾಡು ನಿಲ್ಲಿಸಿದ್ದ ಆ ಇಬ್ಬರೂ ಬಂದಿದ್ದರು, ಇನ್ನೊಬ್ಬರು ಪಕ್ಕದ ಬೀದಿಯವರು. ಮಣೆ ಎಲ್ಲಿಂದ ಬರಬೇಕು, ಸೋಫಾದ ಕುಶನ್ನುಗಳನ್ನೇ ಸಾಲಾಗಿ ಹಾಕಿದ್ದಳು. ಸುಶೀಲಕ್ಕ ಮೊಣಕಾಲು ಹಿಡಿದುಕೊಂಡು ಮೊದಲನೇ ಕುಶನ್ನಿನ ಮೇಲೆ ಕೂತರು. ಹಿರಿಯರಲ್ಲವೇ, ಮೊದಲ ಉಡಿ ಅವರದೇ. ಕಾಲಿಗೆ ಅರಿಷಿಣ ಹಚ್ಚಿಸಿಕೊಂಡು, ಸೆರಗು ಚಾಚಿ ಹಿಡಿದರು.

ರೂಪಾ ಅಕ್ಕಿ ಹಾಕಿದಳು. ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು ಹಾಕಿದಳು. ಒಂದು ಚೆಂದದ ಗುಳೇದಗುಡ್ಡದ ಖಣ ಇಟ್ಟಳು. ಆಮೇಲೆ ಬಗ್ಗಲಾರದ ಹೊಟ್ಟೆಯಲ್ಲೇ ಬಗ್ಗಿ, ಟೀವಿಯ ಹಿಂದಿನಿಂದ ಡಬ್ಬಿ ತೆಗೆದಳು. ಸೀಲು ಒಡೆದಿರಲಿಲ್ಲ. ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಸುಶೀಲಕ್ಕನ ಉಡಿಯಲ್ಲಿ ಇಟ್ಟಳು. ಮೇಲೆ ನನ್ನ ಪತ್ರದ ಒಂದು ನಕಲು. ಅಸಲು ಹಿಂದಿನ ದಿನವೇ ರೆಕಾರ್ಡೆಡ್ ಪೋಸ್ಟಿನಲ್ಲಿ ಕಂಪನಿಗೆ ಹೋಗಿತ್ತು.

ಇದೇನು ಅಂತ ಸುಶೀಲಕ್ಕ ಕೇಳಿದರು. ಅವರ ಕೈ ಸೆರಗನ್ನು ಇನ್ನೂ ಹಿಡಿದೇ ಇತ್ತು, ಬಿಟ್ಟರೆ ಅಕ್ಕಿ ಚೆಲ್ಲುತ್ತದಲ್ಲ.

‘ಉಡಿ ರೀ ಅಕ್ಕಾರ,’ ಅಂದಳು ರೂಪಾ. ‘ನೀವ ಹೇಳಿದ್ರಲ್ಲಾ, ಉಡ್ಯಾಗ ಬಿದ್ದಿದ್ದು ಒಲ್ಲೆ ಅನಬಾರ್ದಂತ.’

ಅವಳ ಧ್ವನಿಯಲ್ಲಿ ಕುಹಕ ಇರಲಿಲ್ಲ. ಕಾಲು ಮುಟ್ಟಿ ನಮಸ್ಕಾರ ಕೂಡ ಮಾಡಿದಳು. ಸುಶೀಲಕ್ಕ ಡಬ್ಬಿ ನೋಡಿದರು, ಅವಳನ್ನು ನೋಡಿದರು, ಗೋಡೆಯ ಕಡೆ ನೋಡಿದರು. ಕೊನೆಗೆ ಉಡಿಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಬೇರೆ ದಾರಿ ಇರಲಿಲ್ಲ. ಆ ಕ್ಷಣಕ್ಕೆ ನನಗೆ ಆದ ಆನಂದವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕೌನ್ಸಿಲ್ಲಿನ ಆ ಸಮಾಧಾನದ ಮನುಷ್ಯ ಅಲ್ಲಿ ಇರಬೇಕಿತ್ತು ಅನ್ನಿಸಿತು.

ನಡೆದದ್ದು ಅಷ್ಟೇ ಅಲ್ಲ. ಹಾಡು ನಿಲ್ಲಿಸಿದ್ದ ಇಬ್ಬರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು, ಮುಂದಿನ ಶುಕ್ರವಾರ ನಮ್ಮ ಮನೆಯಲ್ಲೂ ಉಡಿ ಇದೆ, ಬರಬೇಕು ಅಕ್ಕಾರ ಅಂದರು. ಇನ್ನೊಬ್ಬರು ಅದರ ಮುಂದಿನ ಶುಕ್ರವಾರವನ್ನು ಕಾಯ್ದಿರಿಸಿದರು. ಕಂಪನಿಯ ಬೋರ್ಡಿನ ಮೇಲೆ ಕೆಳಗಿಳಿಯುವುದಷ್ಟೇ ಗೊತ್ತಿದ್ದ ಸುತ್ತುಗಳು ಮೊದಲ ಸಲ ಮೇಲೆ ಹತ್ತತೊಡಗಿದ್ದವು. ಸುಶೀಲಕ್ಕನಿಗೆ ಮಾರನೆಯ ದಿನದಿಂದ ನೆಗಡಿ. ಶ್ರಾವಣ ಮುಗಿಯುವವರೆಗೂ ಆ ನೆಗಡಿ ಇಳಿಯಲಿಲ್ಲ.

ಕಂಪನಿ ದುಡ್ಡು ವಾಪಸ್ ಕೊಟ್ಟಿತು, ಒಂದೆರಡು ಫೋನಿನಲ್ಲಿ ರೂಪಾಳ ತಲೆ ತಿಂದು. ಸೂಟಿನ ಮಹಾಶಯರಿಗೆ ನಾನೇ ಫೋನ್ ಮಾಡಿ ವರ್ಕ್ ಪರ್ಮಿಟ್ ಇರುವವರ ಮನೆಯ ಹೆಂಗಸರನ್ನು ಹಿಡಿಯಲು ಹೇಳಿದ್ದು ನೀವೇ ತಾನೇ ಅಂತ ಕೇಳಿದೆ. ತಾನು ಹಾಗೆ ಹೇಳಿಲ್ಲ, ಪ್ರತಿಯೊಬ್ಬ ಡಿಸ್ಟ್ರಿಬ್ಯೂಟರೂ ಸ್ವತಂತ್ರ, ಅವರ ಮಾತಿಗೆ ಅವರೇ ಹೊಣೆ ಅಂದರು. ಅಂದರೆ ತಪ್ಪೆಲ್ಲ ಸುಶೀಲಕ್ಕನದು. ಲಾಭ ಮೇಲೆ ಹತ್ತುತ್ತದೆ, ಹೊಣೆ ಮಾತ್ರ ಕೆಳಗೆ ಇಳಿಯುತ್ತದೆ. ಎಂಥ ಸೊಗಸಾದ ವ್ಯವಸ್ಥೆ ನೋಡಿ. ಈಗ ಅವರು ಬೇರೆ ಕಂಪನಿಯ ಡಬ್ಬಿ ಹಿಡಿದಿದ್ದಾರಂತೆ. ಹೊಸ ಡಬ್ಬಿ ಚಾಕೊಲೇಟ್ ಫ್ಲೇವರು ಅಂತ ನಮ್ಮ ಮನೆಯವರು ಸುದ್ದಿ ತಂದರು.

ಇಲ್ಲಿಗೆ ನಿಲ್ಲಿಸಿದ್ದರೆ ನಗುತ್ತ ಮುಗಿಸಬಹುದಿತ್ತು. ನಿಲ್ಲಿಸಲು ಆಗುತ್ತಿಲ್ಲ.

ಹೋದ ತಿಂಗಳು ರೂಪಾ ಹಡೆದಳು. ಹೆಣ್ಣುಮಗು. ಆಸ್ಪತ್ರೆಯಿಂದ ಬಂದ ದಿನ ನಾನು ಅಲ್ಲೇ ಇದ್ದೆ. ಕೂಸು ಅಳುತ್ತಿತ್ತು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಸಂಜೆ ಬಾಗಿಲ ಗಂಟೆ ಸದ್ದು ಮಾಡಿತು. ಸುಶೀಲಕ್ಕ. ಲಿಫ್ಟಿಲ್ಲದ ಎರಡು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಕರೆಯದೆ ಬಂದೆ ಅಂತ ಬೇಜಾರಾಗಬೇಡಿ, ಬಾಣಂತನ ಮಾಡುತ್ತೇನೆ ಅಂತ ಮಾತು ಕೊಟ್ಟಿದ್ದೆ ಅಂದರು. ಕೈಯಲ್ಲೊಂದು ಸ್ಟೀಲ್ ಡಬ್ಬಿ, ಅದರಲ್ಲಿ ಬಾಣಂತಿಗೆ ಕೊಡುವ ಅಂಟಿನ ಉಂಡಿ. ಕೋಟು ಕಳಚಿ, ಬಳೆ ಮೇಲೇರಿಸಿ, ಎಣ್ಣೆ ಬಿಸಿ ಮಾಡಲು ಹೋದರು.

ಕೂಸು ಅವರ ಕಾಲ ಮೇಲೆ ಮಲಗಿದ್ದೇ ತಡ ಸುಮ್ಮನಾಯಿತು. ಅದೇ ಕೈ, ಅದೇ ಹದ. ನನ್ನ ಕಣ್ಣಲ್ಲಿ ನೀರು ಬಂತು. ಇದೇ ಹೆಂಗಸಿನ ಮೇಲೆ ಎರಡು ತಿಂಗಳು ಹಲ್ಲು ಕಡಿದಿದ್ದೆನಲ್ಲ ಅನ್ನಿಸಿತು.

ಆಗ ರೂಪಾ ಹಾಸಿಗೆಯಿಂದ ಕೈ ಚಾಚಿ ಉಂಡಿಯ ಡಬ್ಬಿ ಎತ್ತಿಕೊಂಡಳು. ಮುಚ್ಚಳ ತೆಗೆಯುವ ಮೊದಲು ಅದನ್ನು ತಿರುಗಿಸಿ ತಳ ನೋಡಿದಳು. ಮುಚ್ಚಳ ತೆಗೆದು ಉಂಡಿಗಳನ್ನು ಸರಿಸಿ ಕೆಳಗೆ ನೋಡಿದಳು. ಬರೀ ಉಂಡಿ ಇದ್ದವು. ಅವಳು ಬೇಕಂತ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು. ಸುಶೀಲಕ್ಕ ಅದನ್ನು ನೋಡಿದರು. ಎಣ್ಣೆ ಹಚ್ಚುವ ಕೈ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

ಡಬ್ಬಿಯ ದುಡ್ಡನ್ನು ಕಂಪನಿ ಎರಡು ವಾರದ ಕಾನೂನಿನ ಪ್ರಕಾರ ರೂಪಾಳಿಗೆ ವಾಪಸ್ ಕೊಟ್ಟಿದೆ. ತಳ ನೋಡದೆ ಉಂಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ರೂಪಾಳನ್ನು ಸುಶೀಲಕ್ಕನಿಗೆ ವಾಪಸ್ ಕೊಡಬೇಕಾದವರು ಯಾರು?